ಬ್ರೇಕ್ ಬಿಡುವ ಮುನ್ನ

“ತಿರುಗಿ ಹೇಳಿದ್ರು ಅಂದ್ರೆ?”

ಸ್ವಿಚ್‌ಬೋರ್ಡಿನ ಹೆಂಗಸು ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡರು. ಎದುರಿಗೆ ಊಟದ ಡಬ್ಬಿ ಅರ್ಧ ತೆರೆದಿತ್ತು. ಮೂರು ದಿನದಿಂದ ನಾನು ಸರಿಯಾಗಿ ಅವರ ಊಟದ ಹೊತ್ತಿಗೇ ಹೋಗಿ ವಕ್ಕರಿಸುತ್ತಿದ್ದೆ. ನನ್ನ ಮುಖ ನೋಡಿ ನೋಡಿ ಅವರ ಹಸಿವೇ ಸತ್ತಿರಬೇಕು.

“ನಾನು ಏನು ಹೇಳಿದ್ನೋ ಅದನ್ನೇ ನಂಗೆ ಒಪ್ಪಿಸಿದ್ರು ಸಾರ್. ಮಕ್ಕಳು ಮೇಷ್ಟ್ರಿಗೆ ಮಗ್ಗಿ ಒಪ್ಪಿಸ್ತಾರಲ್ಲ, ಹಾಗೆ.”

“ಏನೇನು ಹೇಳಿದ್ರಿ, ಏನೇನು ಒಪ್ಪಿಸಿದ್ರು? ಒಂದಕ್ಷರ ಬಿಡ್ದೆ ಹೇಳಿ.”

“ಸಿಬ್ಬಂದಿ ಮ್ಯಾನೇಜರ್ ಸಾಹೇಬ್ರನ್ನ ಗುಟ್ಟಾಗಿ ನೋಡ್ಬೇಕು ಅಂದ್ರು. ನಾನು ಸಾಹೇಬ್ರನ್ನ ಕೇಳಿ ಬಂದು, ‘ಬುಧವಾರ ಮೂರೂಕಾಲಿಗೆ ಗೆಸ್ಟ್ ಹೌಸಿಗೆ ಬನ್ನಿ, ಹಿಂದಿನ ಮೆಟ್ಟಿಲು, ಇನ್ನೂರ ಹದಿನಾಲ್ಕನೇ ರೂಮು’ ಅಂದೆ. ಬೇರೆ ಯಾರಾದ್ರೂ ಆಗಿದ್ರೆ ಹೂಂ ಅಂತ ಇಟ್ಬಿಡ್ತಾರೆ. ಈಯಮ್ಮ, ‘ಬುಧವಾರ, ಹದಿನೈದು ಹದಿನೈದು, ಗೆಸ್ಟ್ ಹೌಸ್, ಹಿಂದಿನ ಮೆಟ್ಟಿಲು, ರೂಮು ಎರಡು ಒಂದು ನಾಲ್ಕು’ ಅಂದ್ರು. ನಾನು ಹೌದು ಅನ್ನೋವರೆಗೂ ಫೋನ್ ಇಡ್ಲಿಲ್ಲ. ಹದಿನೈದು ಹದಿನೈದು ಅಂದ್ರೆ ಎಷ್ಟು ಗಂಟೆ ಅಂತ ನಾನು ಬೆರಳು ಮಡಿಸಿ ಎಣಿಸ್ಕೊಂಡೆ.”

“ಇದನ್ನ ಮೊದಲೇ ಯಾಕಮ್ಮ ಹೇಳ್ಲಿಲ್ಲ?”

“ಗಂಡಸೋ ಹೆಂಗಸೋ ಅಂತ ಕೇಳಿದ್ರಿ, ಹೆಂಗಸು ಅಂದೆ. ಎಷ್ಟು ಹೊತ್ತಿಗೆ ಅಂದ್ರಿ, ಸೋಮವಾರ ಮಧ್ಯಾಹ್ನ ಒಂದು ಹತ್ತು ಅಂದೆ. ಹೇಗೆ ಮಾತಾಡಿದ್ರು ಅಂತ ಕೇಳಿದ್ದು ಇವತ್ತು.”

ಮೂವತ್ತೆರಡು ವರ್ಷ ಪೊಲೀಸ್ ಇಲಾಖೆಯಲ್ಲಿ ಚಪ್ಪಲಿ ಸವೆಸಿದವನಿಗೆ ಒಂದು ಸರಿಯಾದ ಪ್ರಶ್ನೆ ಹೊಳೆಯಲು ಮೂರು ದಿನ ಹಿಡಿಯಿತು. ನನಗೆ ನನ್ನ ಮೇಲೇ ಸಿಟ್ಟು ಬಂತು. ಅವರ ಡಬ್ಬಿಯ ಮುಚ್ಚಳ ನಾನೇ ತೆಗೆದುಕೊಟ್ಟು, ಊಟ ಮಾಡಿ ತಾಯಿ ಎಂದು ಕೈ ಮುಗಿದು ಹೊರಗೆ ಬಂದೆ.

ವಿಷಯ ಇಷ್ಟೇ. ಈ ಪುಟ್ಟ ವಿಮಾನ ಕಂಪನಿಯ ಪೈಲಟ್‌ಗಳು ಹನ್ನೊಂದು ತಿಂಗಳಿಂದ ಹೊಸ ಒಪ್ಪಂದಕ್ಕೆ ಜಗ್ಗಾಡುತ್ತಿದ್ದರು. ಅವರ ಸಂಬಳದ ಗಡಿಯಾರ ಶುರುವಾಗುವುದು ವಿಮಾನದ ಬ್ರೇಕ್ ಬಿಟ್ಟಾಗ, ನಿಲ್ಲುವುದು ಮತ್ತೆ ಬ್ರೇಕ್ ಹಾಕಿದಾಗ. ಅದರ ಹೊರಗೆ ನೆಲದ ಮೇಲೆ ಕಾಯುವ ಹೊತ್ತು ಧರ್ಮಕ್ಕೆ. ಆ ಹೊತ್ತಿಗೂ ಸಂಬಳ ಕೊಡದಿದ್ದರೆ ಮುಷ್ಕರ ಎಂದು ಸಂಘ ಗುಡುಗಿತ್ತು. ಒಳಗೊಳಗೇ ಮಾತ್ರ, ತೀರಾ ಒತ್ತಿದರೆ ಆ ಬೇಡಿಕೆ ಬಿಟ್ಟುಬಿಡೋಣ, ಮುಷ್ಕರ ಬೇಡ ಎಂದು ತೀರ್ಮಾನಿಸಿತ್ತು.

ಈ ಗುಟ್ಟು ತಿಳಿದಿದ್ದವರು ಮೂವರು. ಸಂಘದ ಅಧ್ಯಕ್ಷರು, ಮಾತುಕತೆಯ ಮುಂದಾಳು ಕ್ಯಾಪ್ಟನ್ ಮೇಡಂ, ಅದನ್ನು ಟೈಪ್ ಮಾಡಿದ ಆಫೀಸಕ್ಕ. ಮುಂದಿನ ಮಾತುಕತೆಯಲ್ಲಿ ಸಿಬ್ಬಂದಿ ಮ್ಯಾನೇಜರು, “ಅದನ್ನ ನೀವು ಹೇಗೂ ಬಿಡ್ತೀರಲ್ಲ, ಮುಂದಿನ ವಿಷಯಕ್ಕೆ ಬನ್ನಿ” ಎಂದು ನಕ್ಕರಂತೆ. ಸಂಘದ ಫೋನಿನ ಪಟ್ಟಿ ತೆಗೆಸಿ ನೋಡಿದರೆ ಕಂಪನಿಯ ಮುಖ್ಯ ಕಚೇರಿಗೆ ಹೋದ ಒಂದು ಕರೆ ಸಿಕ್ಕಿತು. ಮಾಡಿದ್ದು ಹೆಂಗಸು. ಆ ಹೊತ್ತಿಗೆ ಕ್ಯಾಪ್ಟನ್ ಮೇಡಂ ವಿಮಾನದಲ್ಲಿದ್ದರು ಎಂದು ಡ್ಯೂಟಿ ಪಟ್ಟಿ ಹೇಳಿತು. ಉಳಿದದ್ದು ಆಫೀಸಕ್ಕ. ಇವತ್ತು ನಾಲ್ಕು ಗಂಟೆಗೆ ಸಭೆ ಕರೆದು ಅವರನ್ನು ಕೆಲಸದಿಂದ ಕಿತ್ತು, ಪೊಲೀಸರಿಗೂ ದೂರು ಕೊಡುವವರಿದ್ದರು.

ನನ್ನನ್ನು ಈ ಕೇಸಿಗೆ ಎಳೆದವರು ಆಫೀಸಕ್ಕನ ಅತ್ತೆ. ಎಂಬತ್ತು ವರ್ಷದ ಮುದುಕಿ ಕೋಲೂರಿಕೊಂಡು ನನ್ನ ಮನೆಯ ಮೂರು ಮಹಡಿ ಹತ್ತಿ ಬಂದಿದ್ದರು. “ನನ್ನ ಸೊಸೆ ದಿನಾ ನಂಜೊತೆ ಜಗಳ ಆಡ್ತಾಳೆ ಕಣಪ್ಪ. ಉಪ್ಪು ಹೆಚ್ಚು ಹಾಕ್ತಾಳೆ. ಆದ್ರೆ ಒಂದು ಕಡೆ ಮಾತು ಇನ್ನೊಂದು ಕಡೆ ಹೇಳೋಳಲ್ಲ. ಮಗ ಹೋದ್ಮೇಲೆ ನಮ್ಮ ಒಲೆ ಉರೀತಿರೋದು ಅವಳಿಂದ. ಕಳ್ಳಿ ಅನ್ನೋ ಹೆಸರು ಹೊತ್ತು ಈ ವಯಸ್ಸಲ್ಲಿ ಅವಳಿಗೆ ಇನ್ಯಾರು ಕೆಲಸ ಕೊಡ್ತಾರೆ?” ಅಂದಿದ್ದರು. ಸೊಸೆಯ ಪರವಾಗಿ ಮಹಡಿ ಹತ್ತುವ ಅತ್ತೆಯನ್ನು ಜನ್ಮದಲ್ಲಿ ಕಂಡಿರಲಿಲ್ಲ. ಆಗಲ್ಲ ಅನ್ನಲು ಬಾಯಿ ಬರಲಿಲ್ಲ.

ರಸ್ತೆ ಬದಿಯಲ್ಲಿ ನಿಂತು ಯೋಚಿಸಿದೆ. ಹೇಳಿದ್ದನ್ನು ತಿರುಗಿ ಹೇಳುವ ಈ ಚಾಳಿಯನ್ನು ಅವತ್ತು ಬೆಳಿಗ್ಗೆಯೇ ಕೇಳಿದ್ದೆ. ಅಧ್ಯಕ್ಷರಿಗೆ ಫೋನ್ ಮಾಡಿ, ಒಂದೂವರೆಗೆ ಕಾರ್ ಪಾರ್ಕಿಂಗ್ ಹತ್ತಿರ ಸಿಗಿ ಎಂದಿದ್ದೆ. “ಹದಿಮೂರು ಮೂವತ್ತು, ಕಾರ್ ಪಾರ್ಕಿಂಗ್” ಅಂದಿದ್ದರು. ಕಿವಿ ಮಂದ ಇರಬೇಕು ಪಾಪ ಎಂದು ನಾನು ಇನ್ನೊಮ್ಮೆ ಜೋರಾಗಿ ಕಿರುಚಿದ್ದೆ. ಅವರು ಇನ್ನೊಮ್ಮೆ ತಿರುಗಿ ಹೇಳಿದ್ದರು.

ಕಿವಿಯ ದೋಷವಲ್ಲ, ಪೈಲಟ್ ವೃತ್ತಿಯ ದೋಷ. ಆಕಾಶದಲ್ಲಿರುವಾಗ ಕೆಳಗಿನ ಟವರಿನವರು ಕೊಟ್ಟ ಪ್ರತಿ ಅಂಕಿಯನ್ನೂ ಬಿಡಿಬಿಡಿಯಾಗಿ ತಿರುಗಿ ಹೇಳಬೇಕು, ಅವರು ಸರಿ ಅನ್ನಬೇಕು. ಇಲ್ಲದಿದ್ದರೆ ಎರಡು ವಿಮಾನ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ಮೂವತ್ತು ವರ್ಷ ಹೀಗೆ ಮಾತಾಡಿದವರು ಹಾಲು ತರಲು ಹೋದಾಗಲೂ ಹೀಗೇ ಮಾತಾಡುತ್ತಾರೆ.

ಆಫೀಸಕ್ಕನಿಗೆ ಫೋನ್ ಹಚ್ಚಿದೆ.

“ಅಮ್ಮ, ಇವತ್ತು ಮೂರೂ ನಲವತ್ತಕ್ಕೆ ಟ್ರೈನಿಂಗ್ ಹಾಲಿನ ಎಡಗಡೆ ಬಾಗಿಲಿಂದ ಬಂದು ಏಳನೇ ಸಾಲಲ್ಲಿ ಕೂತಿರಿ. ನಿಮ್ಮತ್ತೇನೂ ಬರ್ತಾರೆ.”

“ಹೂಂ.”

“ಎಷ್ಟು ಹೊತ್ತಿಗೆ ಅಂದೆ?”

“ಅದೇ… ಮೂರೂ ಚಿಲ್ಲರೆ. ಹಾಲು ಎಲ್ಲಿದೆ ಅಂತ ನಂಗೆ ಗೊತ್ತಿಲ್ವಾ ಸಾರ್, ಕುರ್ಚಿ ಹಾಕ್ಸೋಳೇ ನಾನು.”

ಹತ್ತೊಂಬತ್ತು ವರ್ಷ ಪೈಲಟ್‌ಗಳ ನಡುವೆ ಕೂತರೂ ಈ ತಾಯಿಗೆ ಅವರ ರೋಗ ಅಂಟಿರಲಿಲ್ಲ. ನನಗೆ ಖುಷಿಯಾಯಿತು. ಖುಷಿಯಾದಾಗ ಬಾಯಿ ಬಿಡುವುದು ನನ್ನ ಹಳೆಯ ಚಟ, ಮನೆಯವಳು ಇದಕ್ಕೇ ಬೈಯುತ್ತಾಳೆ.

“ಇನ್ನು ಹೆದರ್ಬೇಡಿ. ಫೋನ್ ಮಾಡಿದ್ದು ನೀವಲ್ಲ ಅಂತ ತೋರಿಸ್ಕೊಡ್ತೀನಿ. ಮಾಡಿದೋರು ಒಬ್ಬ ಪೈಲಟ್ಟು.”

ಅತ್ತಲಿಂದ ಟೈಪಿಂಗ್ ಮೆಷಿನ್ನಿನ ಹೊದಿಕೆ ಎಳೆದ ಶಬ್ದ ಕೇಳಿಸಿತು.

“ಯಾರು ಅಂತ ಗೊತ್ತಾಯ್ತಾ?” ಅಂದರು.

“ಸಾಯಂಕಾಲದೊಳಗೆ ಗೊತ್ತಾಗುತ್ತೆ.”

“ಸಾಕು ಬಿಡಿ ಸಾರ್. ಹುಡುಕಿದ್ದು ಸಾಕು. ಹದಿನೈದು ದಿನದಿಂದ ಇಲ್ಲಿ ಯಾರೂ ನನ್ನ ಕೈಲಿ ಟೀ ಇಸ್ಕೊಳ್ತಿಲ್ಲ. ಯಾರ ಲೋಟ ಯಾವುದು ಅಂತ ಇನ್ನೂ ನೆನಪಿದೆ ನಂಗೆ. ಬೇಗ ಮುಗಿದ್ರೆ ಸಾಕಾಗಿದೆ.”

ಹೆಣ್ಣುಮಗಳು ಸೋತು ಹೋಗಿದ್ದಾರೆ ಅಂದುಕೊಂಡೆ.

ಅಧ್ಯಕ್ಷರನ್ನು ನೋಡುವುದು ಬಿಟ್ಟು ನೇರವಾಗಿ ರಿಪೇರಿ ಶೆಡ್ಡಿಗೆ ಹೋದೆ. ಅಲ್ಲಿನ ಫೋರ್‌ಮನ್ ಹೊಟ್ಟೆ ಮುಂದಿಟ್ಟುಕೊಂಡು ಸ್ಟೂಲಿನ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದರು. ಅವರ ಹಿಂದೆ ಒಂದು ಚಿಕ್ಕ ವಿಮಾನ ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು.

“ಸೋಮವಾರ ಹನ್ನೆರಡೂ ಐವತ್ತರ ವಿಮಾನ ಹೊತ್ತಿಗೆ ಸರಿಯಾಗಿ ಹೋಯ್ತಾ?”

“ಯಾವ ಸೋಮವಾರ? ಆ ದೊಡ್ಡ ಗಲಾಟೆ ಆಯ್ತಲ್ಲ, ಅದರ ಹಿಂದಿನದಾ?” ಅವರು ಎಣ್ಣೆ ಮೆತ್ತಿದ ಪುಸ್ತಕ ತಿರುವಿದರು. “ಎಲ್ಲಿಯ ಹೊತ್ತು! ಆ ಪುಣ್ಯಾತ್ಗಿತ್ತಿ ವಿಮಾನದ ಬಾಗಿಲಿನ ರಬ್ಬರ್ ಕಿತ್ಕೊಂಡಿತ್ತು. ಹೊಸದು ಬಂದಿದ್ದು ಎರಡಕ್ಕೆ. ಬ್ರೇಕ್ ಬಿಟ್ಟಿದ್ದು ಎರಡೂ ಇಪ್ಪತ್ತು.”

“ಡ್ಯೂಟಿ ಪಟ್ಟಿಲಿ ಹನ್ನೆರಡೂ ಐವತ್ತು ಅಂತಿದೆ.”

“ಪಟ್ಟಿಲಿ ಹಾಗೇ ಇರುತ್ತೆ. ಪಟ್ಟಿ ಮಾಡೋರು ಹಿಂದಿನ ವಾರ ಮಾಡಿರ್ತಾರೆ.”

“ಆ ಒಂದೂವರೆ ಗಂಟೆ ಪೈಲಟ್‌ಗಳು ಎಲ್ಲಿದ್ರು ಅಂತ ಎಲ್ಲಾದ್ರೂ ಬರೆದಿರ್ತಾರಾ?”

ಅವರು ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು. “ಆ ಹೊತ್ತಿಗೆ ಸಂಬಳ ಇಲ್ಲ ಸ್ವಾಮಿ. ಸಂಬಳ ಇಲ್ಲದ ಹೊತ್ತನ್ನ ಯಾರು ಬರೀತಾರೆ? ಜಗಳ ಆಡ್ತಿರೋದೇ ಅದಕ್ಕಲ್ವಾ? ಕೋ-ಪೈಲಟ್ ಇಲ್ಲೇ ಏಣಿ ಮೇಲೆ ಕೂತು ಬಾಳೆಹಣ್ಣು ತಿಂತಿದ್ದ. ಕ್ಯಾಪ್ಟನ್ ಮೇಡಂ ರಸ್ತೆ ದಾಟಿ ಆಚೆ ಹೋದ್ರು.”

ರಸ್ತೆಯ ಆಚೆ ಇದ್ದದ್ದು ಒಂದು ಜೆರಾಕ್ಸ್ ಅಂಗಡಿ, ಅದರ ಮೇಲೆ ಸಂಘದ ಆಫೀಸು. ಆ ಮಧ್ಯಾಹ್ನ ಆಫೀಸಕ್ಕ ಅತ್ತೆಯ ಕಣ್ಣಿನ ಔಷಧಿ ತರಲು ಕಾಲು ಗಂಟೆ ಹೊರಗೆ ಹೋಗಿದ್ದೆ ಅಂದಿದ್ದರು, ಯಾರೂ ನಂಬಿರಲಿಲ್ಲ. ಆಫೀಸಿನ ಇನ್ನೊಂದು ಬೀಗದ ಕೈ ಇದ್ದದ್ದು ಮಾತುಕತೆಯ ಮುಂದಾಳಿನ ಹತ್ತಿರ.

ಸಂಘದವರು ಮೂರ್ಖರಲ್ಲ. ವಿಮಾನ ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದರೆ ಟೀ ಕೊಡುವವರ ಮೇಲೆ ಅನುಮಾನ ಪಡುವಷ್ಟು ಸುಲಭವಾಗಿ ಕ್ಯಾಪ್ಟನ್ ಮೇಲೆ ಯಾರು ಪಡುತ್ತಾರೆ? ಪಟ್ಟಿ ನೋಡಿದರು, ಕೈ ತೊಳೆದುಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಎರಡೂ ಮುಕ್ಕಾಲಿಗೆ ಕ್ಯಾಪ್ಟನ್ ಮೇಡಂ ಇಳಿದು ಬಂದರು. ಪೈಲಟ್‌ಗಳ ವಿಶ್ರಾಂತಿ ಕೋಣೆಯಲ್ಲಿ ನಾನು ಕಾಯುತ್ತಿದ್ದೆ. ಹರಿದ ರೆಕ್ಸಿನ್ನಿನ ಎರಡು ಸೋಫಾ, ಕೆಟ್ಟು ಕೂತ ಕಾಫಿ ಮೆಷಿನ್ನು, ಗೋಡೆಯ ಮೇಲೆ ಹನ್ನೊಂದು ತಿಂಗಳ ನೋಟೀಸುಗಳು ಒಂದರ ಮೇಲೊಂದು. ಅವರು ಒಳಗೆ ಬಂದವರೇ ಶೂ ಕಳಚಿ ಕಾಲು ನೀಡಿ ಕೂತರು. ಐವತ್ತೇಳು ವಯಸ್ಸು. ಪಾದಗಳು ಊದಿಕೊಂಡಿದ್ದವು.

“ಹೀಗೆ ಕೂತಿದ್ದೀನಿ ಅಂತ ತಪ್ಪು ತಿಳ್ಕೋಬೇಡಿ. ಎದ್ದಿದ್ದು ಮೂರೂವರೆಗೆ. ಸಂಬಳ ಶುರುವಾಗಿದ್ದು ಏಳಕ್ಕೆ” ಅಂದರು.

“ಮಲಗಿ, ಮಲಗಿ. ಒಂದು ಸಣ್ಣ ವಿಷಯ. ಸಭೆ ಜಾಗ ಬದಲಾಗಿದೆಯಂತೆ. ನಾಲ್ಕೂ ಹತ್ತಕ್ಕೆ, ಪಕ್ಕದ ಕಟ್ಟಡ, ಮುನ್ನೂರ ಇಪ್ಪತ್ತೊಂಬತ್ತನೇ ರೂಮು.”

“ಹದಿನಾರು ಹತ್ತು, ಪಕ್ಕದ ಕಟ್ಟಡ, ಮೂರು ಎರಡು ಒಂಬತ್ತು” ಅಂದರು, ಕಣ್ಣು ಮುಚ್ಚಿಕೊಂಡೇ.

ನಾನು ಸರಿ ಅನ್ನಲಿಲ್ಲ. ಕೂತೇ ಇದ್ದೆ. ಸ್ವಲ್ಪ ಹೊತ್ತಿಗೆ ಅವರು ಕಣ್ಣು ಬಿಟ್ಟರು.

“ಏನು?”

“ಸಭೆ ಎಲ್ಲೂ ಬದಲಾಗಿಲ್ಲ ಮೇಡಂ. ಕಂಪನಿ ಸ್ವಿಚ್‌ಬೋರ್ಡಿನ ಹೆಂಗಸಿಗೆ ನೀವು ಹೀಗೇ ಒಪ್ಪಿಸಿದ್ರಂತೆ. ಎರಡು ಒಂದು ನಾಲ್ಕು.”

ಅವರು ನಗಲು ನೋಡಿದರು. “ಅರವತ್ತು ಜನ ಪೈಲಟ್‌ಗಳೂ ಹೀಗೇ ಮಾತಾಡ್ತಾರೆ.”

“ಅರವತ್ತರಲ್ಲಿ ಹೆಂಗಸರು ನಾಲ್ಕು. ಆ ಗುಟ್ಟು ಗೊತ್ತಿದ್ದೋರು ಒಬ್ರು.”

“ಸೋಮವಾರ ಆ ಹೊತ್ತಿಗೆ ನಾನು ಹಾರ್ತಿದ್ದೆ.”

“ಕಾಯ್ತಿದ್ರಿ” ಅಂದೆ.

ಆ ಒಂದು ಮಾತಿಗಾಗಿ ಹನ್ನೊಂದು ತಿಂಗಳು ಮೇಜು ಗುದ್ದಿದವರು ಅವರು. ಕಾಯುವ ಹೊತ್ತೂ ಹೊತ್ತೇ, ಅದನ್ನು ಬರೆದಿಡಿ ಎಂದು ಕೂಗಿದವರು. ಯಾರೂ ಬರೆದಿಡದ ಆ ಹೊತ್ತಿನಲ್ಲೇ ರಸ್ತೆ ದಾಟಿದ್ದರು.

“ದುಡ್ಡಿಗೆ ಅಂದ್ಕೊಂಡ್ರಾ?” ಅಂದರು ಕೊನೆಗೆ.

“ಏನೂ ಅಂದ್ಕೊಂಡಿಲ್ಲ. ನೀವೇ ಹೇಳಿ.”

“ಸಾಕಾಗಿತ್ತು.” ಅವರು ಮುಖವನ್ನು ಎರಡೂ ಕೈಯಿಂದ ಉಜ್ಜಿಕೊಂಡರು. “ಹುಡುಗರು ರೋಷದಲ್ಲಿದ್ರು. ಇನ್ನೊಂದು ಸುತ್ತು ಮಾತುಕತೆ ಮುರಿದಿದ್ರೆ ಗುಟ್ಟಿನ ತೀರ್ಮಾನ ಗಾಳಿಗೆ ಹೋಗಿ ಮುಷ್ಕರವೇ ಆಗ್ತಿತ್ತು. ಕಂಪನಿ ಬಾಗಿಲು ಹಾಕ್ತಿತ್ತು. ನಲವತ್ತು ಹುಡುಗರು, ಟ್ರೈನಿಂಗ್ ಸಾಲ ತೀರ್ಸೋಕೇ ಇನ್ನೂ ಹತ್ತು ವರ್ಷ ಬೇಕು ಅವರಿಗೆ. ಎಲ್ಲಿಗೆ ಹೋಗ್ತಾರೆ? ಆ ಒಂದು ಬೇಡಿಕೆ ಮೇಲೆ ಒತ್ತಿ, ನಾವು ಬಿಡ್ತೀವಿ, ಮಿಕ್ಕಿದ್ದು ಕೊಟ್ಟು ಮುಗಿಸಿ ಅಂತ ಹೇಳಿ ಬಂದೆ. ಒಬ್ಬರಾದ್ರೂ ಮುಗಿಸ್ಬೇಕಿತ್ತಲ್ಲ.”

“ಮುಗಿಸಿದ್ರಿ. ಯಾರನ್ನ ಅಂತ ಗೊತ್ತಲ್ಲ?”

“ಅವಳ ಮೇಲೆ ಬರುತ್ತೆ ಅಂತ ನಾನು ಕನಸಲ್ಲೂ ಎಣಿಸಿರ್ಲಿಲ್ಲ.”

“ಬಂದ್ಮೇಲೆ ಹದಿನೈದು ದಿನ ಇತ್ತು ಮೇಡಂ.” ನನ್ನ ದನಿ ಏರಿತು. ಏರಿಸಬಾರದು ಅಂದುಕೊಂಡೇ ಬಂದಿದ್ದೆ. “ಹದಿನೈದು ದಿನ ಅವರ ಕೈಲಿ ಟೀ ಇಸ್ಕೊಳ್ದೆ ಪಕ್ಕದಲ್ಲೇ ಓಡಾಡಿದ್ರಲ್ಲ. ನಾಲ್ಕು ಗಂಟೆಗೆ ಆಯಮ್ಮನ ಅನ್ನ ಹೋಗುತ್ತೆ, ಮರ್ಯಾದೆ ಹೋಗುತ್ತೆ. ಮನೇಲಿ ಎಂಬತ್ತು ವರ್ಷದ ಮುದುಕಿ ಇದ್ದಾರೆ.”

“ಗೊತ್ತು.”

“ಗೊತ್ತಿದ್ದೂ ಸುಮ್ಮನಿದ್ರಾ?”

ಅವರು ಶೂಗಳನ್ನು ಹತ್ತಿರಕ್ಕೆ ಎಳೆದುಕೊಂಡರು. “ನಾನು ಬಾಯಿ ಬಿಟ್ರೆ ಜೈಲೇನೂ ಆಗಲ್ಲ. ಆದ್ರೆ ನಾಳೆಯಿಂದ ಒಬ್ಬ ಹುಡುಗನೂ ನನ್ನ ಪಕ್ಕದ ಸೀಟಲ್ಲಿ ಮನಸ್ಸಿಟ್ಟು ಕೂರಲ್ಲ. ಪಕ್ಕದಲ್ಲಿರೋರ ಮೇಲೆ ನಂಬಿಕೆ ಇಲ್ದೆ ಈ ಕೆಲಸ ಆಗೋದಿಲ್ಲ. ಅಲ್ಲಿಗೆ ನನ್ನ ಹಾರಾಟ ಮುಗೀತು.”

“ಹಾಗಾದ್ರೆ?”

“ಹೇಳ್ತೀನಿ” ಅಂದರು. “ಸಭೇಲಿ ನಾನೇ ಎದ್ದು ಹೇಳ್ತೀನಿ. ನೀವು ಮೊದಲೇ ಯಾರ ಹತ್ರಾನೂ ಬಾಯಿ ಬಿಡ್ಬೇಡಿ, ಅಷ್ಟು ಮರ್ಯಾದೆ ಉಳಿಸಿ.”

ಬಗ್ಗಿ ಊದಿದ ಪಾದಗಳನ್ನು ಶೂಗಳಿಗೆ ತುರುಕಿಕೊಂಡರು. ನನಗೆ ಕನಿಕರ ಹುಟ್ಟಿತು, ಸುಳ್ಳು ಹೇಳಲಾರೆ. ಮಾತು ಕೊಟ್ಟೆ. ನನಗೂ ಸುಸ್ತಾಗಿತ್ತು, ಸುಸ್ತಾದವನು ಬೇಗ ನಂಬುತ್ತಾನೆ.

ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಇಬ್ಬರೂ ಟ್ರೈನಿಂಗ್ ಹಾಲಿಗೆ ಬಂದೆವು. ಐವತ್ತಕ್ಕೂ ಹೆಚ್ಚು ಜನ ಇದ್ದರು. ಕೆಲವರು ಯೂನಿಫಾರ್ಮಿನಲ್ಲೇ ಪ್ಲಾಸ್ಟಿಕ್ ಕುರ್ಚಿಗೆ ಒರಗಿ ತೂಕಡಿಸುತ್ತಿದ್ದರು. ಕ್ಯಾಪ್ಟನ್ ಮೇಡಂ ಮುಂದಿನ ಸಾಲಿಗೆ ಹೋದರು. ಅತ್ತೆಮ್ಮ ಏಳನೇ ಸಾಲಿನಲ್ಲಿ ಕೋಲನ್ನು ಮಡಿಲಲ್ಲಿ ಮಲಗಿಸಿಕೊಂಡು ಒಬ್ಬರೇ ಕೂತಿದ್ದರು. ಸೊಸೆ ಪಕ್ಕದಲ್ಲಿರಲಿಲ್ಲ.

“ಎಲ್ಲಿ ಅವರು?”

“ಆಗಲೇ ಮುಂದೆ ಹೋದ್ಲಪ್ಪ, ಏನೋ ಕಾಗದ ಕೊಟ್ಟು ಬರ್ತೀನಿ ಅಂತ.”

ವೇದಿಕೆಯ ಪಕ್ಕದ ಬೆಂಚಿನಲ್ಲಿ ಆಫೀಸಕ್ಕ ಕೈ ಕಟ್ಟಿ ಕೂತಿದ್ದು ಆಗ ಕಂಡಿತು. ಅಧ್ಯಕ್ಷರು ಮೈಕಿನ ಮುಂದೆ ಕೆಮ್ಮಿದರು.

“ಹೆಚ್ಚು ಚರ್ಚೆ ಬೇಕಾಗಿಲ್ಲ. ಹತ್ತು ನಿಮಿಷದ ಕೆಳಗೆ ಇವರೇ ಬರೆದುಕೊಟ್ಟಿದ್ದಾರೆ.” ಕನ್ನಡಕ ಏರಿಸಿ ಓದಿದರು. “ಸಂಘದ ಗುಟ್ಟನ್ನು ಆಡಳಿತಕ್ಕೆ ತಿಳಿಸಿದ್ದು ನಾನೇ. ಇದರಲ್ಲಿ ಯಾವ ಪೈಲಟ್ಟಿನ ಕೈವಾಡವೂ ಇಲ್ಲ. ಸಭೆ ಕೊಡುವ ಶಿಕ್ಷೆಗೆ ಒಪ್ಪಿದ್ದೇನೆ.”

ಯಾವ ಪೈಲಟ್ಟಿನ ಕೈವಾಡವೂ ಇಲ್ಲ! ಪೈಲಟ್ಟು ಅನ್ನುವ ಮಾತನ್ನು ಅವರ ಕಿವಿಗೆ ಹಾಕಿದವನು ನಾನೇ.

ಕ್ಯಾಪ್ಟನ್ ಮೇಡಂ ಕುರ್ಚಿಯಿಂದ ಅರ್ಧ ಎದ್ದರು. ಆಫೀಸಕ್ಕ ಅವರನ್ನೇ ನೋಡುತ್ತಿದ್ದರು. ಬೇಡ ಅನ್ನುವಂತೆ ತಲೆ ಆಡಿಸಿದರು, ಒಂದೇ ಸಲ. ಮೇಡಂ ನಿಂತೇ ಇದ್ದರು. ಆಮೇಲೆ ಕೂತುಬಿಟ್ಟರು.

“ಕೆಲಸದಿಂದ ತೆಗೆದು ದೂರು ಕೊಡೋದಕ್ಕೆ ಒಪ್ಪುವವರು ಕೈ ಎತ್ತಿ” ಅಂದರು ಅಧ್ಯಕ್ಷರು.

ಯಾರೂ ಎತ್ತಲಿಲ್ಲ. ಹತ್ತೊಂಬತ್ತು ವರ್ಷ ಟೀ ಕುಡಿದ ಋಣ ಇರಬೇಕು, ಎಲ್ಲರೂ ನೆಲ ನೋಡುತ್ತಿದ್ದರು. ಮೊದಲು ಎದ್ದದ್ದು ಮುಂದಿನ ಸಾಲಿನ ಒಂದು ಕೈ, ನಾಲ್ಕು ಚಿನ್ನದ ಪಟ್ಟಿಯಿದ್ದ ತೋಳಿನದು. ಅದನ್ನು ನೋಡಿ ಮಿಕ್ಕವರೂ ಒಬ್ಬೊಬ್ಬರಾಗಿ ಎತ್ತಿದರು.

“ತಡೀರಿ!” ನಾನು ಎದ್ದು ಕೂಗಿದೆ. “ಇದು ಸುಳ್ಳು!”

“ಸದಸ್ಯರಲ್ಲದವರು ಮಾತಾಡೋ ಹಾಗಿಲ್ಲ. ಕೂತ್ಕೊಳ್ಳಿ.”

“ಮೇಡಂ, ಹೇಳಿ! ನೀವೇ ಹೇಳ್ತೀನಿ ಅಂದ್ರಲ್ಲ!”

ಅವರು ಹಿಂತಿರುಗಿ ನೋಡಲಿಲ್ಲ. ಕೈ ಎತ್ತಿಕೊಂಡೇ ಇದ್ದರು. ಬೆಂಚಿನ ಮೇಲೆ ಆಫೀಸಕ್ಕ ಉಸಿರು ಬಿಟ್ಟು ಗೋಡೆಗೆ ಒರಗಿದರು. ಹದಿನೈದು ದಿನದಲ್ಲಿ ಮೊದಲ ಸಲ ಆ ಮುಖದಲ್ಲಿ ನೆಮ್ಮದಿ ಕಂಡಿತು.

ಆ ಕಾಗದದ ಎದುರು ನನ್ನ ಹತ್ತಿರ ಇದ್ದದ್ದು ಇಬ್ಬರೇ ಇದ್ದ ಕೋಣೆಯಲ್ಲಿ ಆಡಿದ ಮಾತು ಮಾತ್ರ. ಅತ್ತೆಮ್ಮನ ಪಕ್ಕ ಕೂತು, ನಾಚಿಕೆಯಿಂದ ಅವರ ಕಿವಿಯಲ್ಲಿ ಹೇಳಿದೆ.

“ನಿಮ್ಮ ಸೊಸೆ ಅಲ್ಲಮ್ಮ. ಫೋನ್ ಮಾಡಿದ್ದು ಅಲ್ಲಿ ಕೈ ಎತ್ತಿರೋ ಆ ಹೆಂಗಸು. ಮುಂದಿನ ಸಾಲು, ಬೆಳ್ಳಗಾಗಿರೋ ಕೂದಲು. ನನಗೆ ಎಲ್ಲಾ ಒಪ್ಕೊಂಡಿದ್ದಾರೆ. ನಾನು ಬಿಡೋದಿಲ್ಲ.”

ಅತ್ತೆಮ್ಮ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡರು. ಅದೇ ಹೊತ್ತಿಗೆ ಕ್ಯಾಪ್ಟನ್ ಮೇಡಂ ಕೈ ಇಳಿಸಿ ಸ್ವಲ್ಪ ಈ ಕಡೆ ತಿರುಗಿದರು. ಮುದುಕಿಯ ಮಡಿಲಿನಿಂದ ಕೋಲು ಜಾರಿ ನೆಲಕ್ಕೆ ಬಿತ್ತು.

“ಇವಳಾ?” ಅಂದರು. ನನ್ನ ಮಣಿಕಟ್ಟು ಹಿಡಿದುಕೊಂಡರು. “ಇವಳು ಅಂತ ಗೊತ್ತಿದ್ದಿದ್ರೆ ನಾನು ನಿನ್ನ ಮನೆ ಮೆಟ್ಟಿಲೇ ಹತ್ತುತ್ತಿರ್ಲಿಲ್ಲ ಕಣಪ್ಪ. ಮಗ ಹೋದಾಗ ನನ್ನ ಸೊಸೆಗೆ ಈ ಕೆಲಸ ಕೊಡ್ಸಿ ನಮ್ಮ ಒಲೆ ಹಚ್ಚಿದೋಳು ಇವಳೇ. ಬಿಟ್ಬಿಡು. ಕೈ ಮುಗೀತೀನಿ, ಇಲ್ಲಿಗೇ ಬಿಟ್ಬಿಡು.”